ಯಾವ ಕೊರ್ನೆಲಿಸ್?

ಸುಮಾರು 33 ಸೆಂಟಿಮೀಟರ್ ಅಡ್ಡಗಲದ ಒಂದು ವೃತ್ತ. ಅದರೊಳಗೆ ಆಕಾಶದಿಂದ ತಲೆಕೆಳಗಾಗಿ ಬೀಳುತ್ತಿರುವ ಒಬ್ಬ ಕಟ್ಟುಮಸ್ತಾದ ಬೆತ್ತಲೆ ಗಂಡಸು. ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿವೆ, ಮಾಂಸಖಂಡಗಳು ಉಬ್ಬಿವೆ, ವೃತ್ತದ ಅಂಚಿನಲ್ಲಿ ಸುತ್ತಲೂ ಲ್ಯಾಟಿನ್ ಪದ್ಯ ಓಡುತ್ತದೆ. ಇಂಥವು ನಾಲ್ಕಿವೆ: ಟಾಂಟಲಸ್, ಇಕಾರಸ್, ಫೇಥನ್, ಇಕ್ಸಿಯನ್. ನಾಲ್ವರೂ ಗ್ರೀಕ್ ಪುರಾಣದಲ್ಲಿ ದೇವರುಗಳ ಸರಿಸಮಕ್ಕೆ ಹೋಗಿ ಬಿದ್ದವರು. ಹಾಲೆಂಡಿನ ಹಾರ್ಲೆಮ್ ಊರಿನಲ್ಲಿ 1588ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಒತ್ತಿದ ಅಚ್ಚುಚಿತ್ರಗಳು. ಚಿತ್ರದೊಳಗೆ ಪುಟ್ಟ ಅಕ್ಷರಗಳಲ್ಲಿ ಎರಡು ಮಾತು: ‘ಸಿ.ಸಿ. ಪಿಕ್ಟರ್ ಇನ್ವೆ.’, ಅದರ ಜೊತೆಗೆ ‘ಎಚ್‌ಜಿ ಸ್ಕಲ್ಪ್.’ ಎರಡನೆಯದು ಕಷ್ಟವಲ್ಲ. ಎಚ್ ಮತ್ತು ಜಿ ಒಂದಕ್ಕೊಂದು ಅಂಟಿಕೊಂಡ ಆ ಗುರುತು ತಗಡು ಕೊರೆದ ಹೆಂಡ್ರಿಕ್ ಗೋಲ್ಟ್ಸಿಯಸ್‌ನದು. ತಲೆ ತಿನ್ನುವುದು ಮೊದಲನೆಯದು. ಸಿ.ಸಿ. ಅಂದರೆ ಯಾರು?

ಉತ್ತರ ಗೊತ್ತಿರುವವರಿಗೆ ಇದು ಪ್ರಶ್ನೆಯೇ ಅಲ್ಲ: ಕೊರ್ನೆಲಿಸ್ ಕೊರ್ನೆಲಿಸ್‌ಜೋನ್, ಹಾರ್ಲೆಮ್‌ನ ಚಿತ್ರಕಾರ, 1562ರಿಂದ 1638. ಆದರೆ ಯಾವುದಾದರೂ ಮ್ಯೂಸಿಯಮ್ಮಿನ ಜಾಲತಾಣದಲ್ಲಿ ‘ಕೊರ್ನೆಲಿಸ್’ ಎಂದಷ್ಟೇ ಹುಡುಕಿ ನೋಡಿ. ಜಾತ್ರೆಯೇ ಬಂದು ಮುಂದೆ ನಿಲ್ಲುತ್ತದೆ. ಕೊರ್ನೆಲಿಸ್ ಕೊರ್ಟ್, ಕೊರ್ನೆಲಿಸ್ ಬಾಸ್, ಕೊರ್ನೆಲಿಸ್ ಕೇಟಲ್, ಕೊರ್ನೆಲಿಸ್ ವಿಸ್ಸರ್, ಕೊರ್ನೆಲಿಸ್ ಬೇಗಾ, ಕೊರ್ನೆಲಿಸ್ ದುಸಾರ್ಟ್, ಕೊರ್ನೆಲಿಸ್ ಸಾಫ್ಟ್‌ಲೇವನ್, ಕೊರ್ನೆಲಿಸ್ ವಾನ್ ಪೂಲೆನ್‌ಬರ್ಖ್. ಇವರ ಜೊತೆಗೆ ಬ್ಲೂಮಾರ್ಟ್ ಮನೆಯವರು ಇಬ್ಬರು, ವಾನ್ ಡಾಲೆನ್ ಮನೆಯವರು ಇಬ್ಬರು. ಆಂಟ್ವರ್ಪಿನ ಗಾಲ್ಲೆ ಮನೆಯಲ್ಲಂತೂ ಮೂರು ತಲೆಮಾರು, ಮೂವರೂ ಕೊರ್ನೆಲಿಸ್, ಮೂವರದೂ ತಾಮ್ರ ಕೊರೆಯುವ ಕೆಲಸ. ಒಂದೇ ಹೆಸರು, ಒಂದೇ ಕಸುಬು, ಬಹಳ ಸಲ ಒಂದೇ ಊರು. ಹಳೆಯ ಹರಾಜು ಪಟ್ಟಿಗಳಲ್ಲಿ, ಸಂಗ್ರಹಕಾರರ ಕಡತಗಳಲ್ಲಿ ಒಬ್ಬನ ಕೆಲಸ ಇನ್ನೊಬ್ಬನ ಲೆಕ್ಕಕ್ಕೆ ಸೇರಿಕೊಂಡರೆ ಅಚ್ಚರಿಯೇನು?

ಈ ಗೊಂದಲಕ್ಕೆ ಹೆಸರನ್ನು ಬೈದು ಪ್ರಯೋಜನವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಕಾಲದವರು ಹೆಸರಿನಿಂದ ನಾವು ಬಯಸುವ ಕೆಲಸವನ್ನು ಬಯಸಿಯೇ ಇರಲಿಲ್ಲ. ಯಾರು ಅನ್ನುವುದನ್ನು ಅವರು ಬೇರೆ ಕಡೆ ಬರೆದಿಟ್ಟಿದ್ದಾರೆ. ನಾವು ಓದುವ ಜಾಗ ತಪ್ಪಾಗಿದೆ, ಅಷ್ಟೆ.

ಅಜ್ಜನ ಹೆಸರು

ಮೂರನೆಯ ಶತಮಾನದಲ್ಲಿ ರೋಮಿನ ಪೋಪ್ ಆಗಿದ್ದ ಕೊರ್ನೇಲಿಯಸ್ ಈ ಹೆಸರಿನ ಮೂಲಪುರುಷ. ಲ್ಯಾಟಿನ್ನಿನಲ್ಲಿ ‘ಕೊರ್ನು’ ಅಂದರೆ ಕೊಂಬು. ಅದರಿಂದಾಗಿ ಸಂತನ ಕೈಗೆ ಒಂದು ಕೊಂಬು ಬಂತು, ಕೊಂಬಿನಿಂದಾಗಿ ದನಕರುಗಳ ಕಾವಲು ಅವನ ಪಾಲಿಗೆ ಬಂತು. ಹುಲ್ಲುಗಾವಲು, ಹಸು, ಬೆಣ್ಣೆಯ ಮೇಲೆ ನಿಂತ ನಾಡಿನಲ್ಲಿ ಇಂಥ ಸಂತನ ಹೆಸರು ಮನೆಮನೆಗೂ ಹೋದದ್ದು ಸಹಜ. ಆಡುಮಾತಿನಲ್ಲಿ ಅದು ಕೇಸ್ ಆಯಿತು, ಕೊರ್ ಆಯಿತು, ನೇಲಿಸ್ ಆಯಿತು.

ಹೆಸರಿಡುವ ಪದ್ಧತಿಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯದಕ್ಕೆ ತಾಯಿಯ ತಂದೆಯ ಹೆಸರು. ಉಟ್ರೆಕ್ಟಿನ ಚಿತ್ರಕಾರ ಆಬ್ರಹಾಂ ಬ್ಲೂಮಾರ್ಟ್‌ನ ತಂದೆ ಕೊರ್ನೆಲಿಸ್, ಶಿಲ್ಪಿ ಮತ್ತು ಕಟ್ಟಡಗಾರ. ಆಬ್ರಹಾಮನ ಮಗನೂ ಕೊರ್ನೆಲಿಸ್, 1603ರಲ್ಲಿ ಹುಟ್ಟಿದವನು, ತಾಮ್ರ ಕೊರೆಯುವವನು. ಹಾರ್ಲೆಮ್‌ನ ಸಿ.ಸಿ.ಗೆ ಮದುವೆಯಾಚೆ ಹುಟ್ಟಿದ ಮಗಳೊಬ್ಬಳಿದ್ದಳು, ಮಾರಿಯಾ ಕೊರ್ನೆಲಿಸ್‌ಡೊಖ್ಟರ್. ಅವಳು ಅಕ್ಕಸಾಲಿಗನೊಬ್ಬನನ್ನು ಮದುವೆಯಾದಳು. ಅವರ ಮಗ ಕೊರ್ನೆಲಿಸ್ ಪೀಟರ್ಸ್‌ಜೋನ್ ಬೇಗೈನ್, ಮುಂದೆ ಬೇಗಾ ಎಂದು ಹೆಸರಾದ ಚಿತ್ರಕಾರ. ಅಂದರೆ ಇಕಾರಸ್‌ನನ್ನು ಬೀಳಿಸಿದ ಕೊರ್ನೆಲಿಸ್‌ನ ಮೊಮ್ಮಗನೇ ಹೆಂಡದಂಗಡಿಯ ಮಬ್ಬುಗತ್ತಲಲ್ಲಿ ಕೂತ ರೈತರನ್ನು ಬರೆದ ಕೊರ್ನೆಲಿಸ್. ತಾತನ ಗಂಡಸರು ದೇವರುಗಳ ಜೊತೆ ಜಗಳ ಆಡುತ್ತಾರೆ. ಮೊಮ್ಮಗನ ಗಂಡಸರು ಹೂಜಿಯನ್ನು ಅಪ್ಪಿಕೊಂಡು ತೂಕಡಿಸುತ್ತಾರೆ. ಹೆಸರು ಮಾತ್ರ ಅದೇ.

ಹೆಸರಿನ ಎರಡನೆಯ ಪದ ತಂದೆಯದು. ‘ಕೊರ್ನೆಲಿಸ್‌ಜೋನ್’ ಅಂದರೆ ಕೊರ್ನೆಲಿಸ್‌ನ ಮಗ, ‘ಡೊಖ್ಟರ್’ ಅಂದರೆ ಮಗಳು. ಬರೆಯುವಾಗ ಮಗನದನ್ನು ಒಂದು ಜಡ್ ಅಕ್ಷರಕ್ಕೆ, ಮಗಳದನ್ನು ಡಿಆರ್‌ಗೆ ಇಳಿಸಿ ಮುಂದೆ ಚುಕ್ಕಿ ಇಡುತ್ತಿದ್ದರು. ಆ ಚುಕ್ಕಿಯನ್ನು ಇಂದು ಗಣಕಯಂತ್ರ ತಿಂದುಹಾಕುತ್ತದೆ, ಜಡ್ ಅನಾಥವಾಗಿ ಉಳಿಯುತ್ತದೆ. ಮೂರನೆಯ ಪದ ಇದ್ದರೆ ಅದು ಊರೋ, ಕಸುಬೋ, ಅಡ್ಡಹೆಸರೋ ಆಗಿರುತ್ತದೆ. ಲೇಡನ್ ಊರಿನ ಕೊರ್ನೆಲಿಸ್ ಎಂಗೆಲ್‌ಬ್ರೆಖ್ಟ್ಸ್‌ಜೋನ್‌ಗೆ ಮೂವರು ಚಿತ್ರಕಾರ ಮಕ್ಕಳು. ಅವರಲ್ಲೊಬ್ಬನ ಹೆಸರು ಲೂಕಾಸ್ ಕೊರ್ನೆಲಿಸ್‌ಜೋನ್ ಡೆ ಕಾಕ್, ಅಂದರೆ ಅಡುಗೆಯವನು. ಚಿತ್ರದಿಂದ ಹೊಟ್ಟೆ ತುಂಬದೆ ಅಡುಗೆಗೂ ಇಳಿದನಂತೆ. ಹೆಸರೇ ಸಾಕ್ಷಿ ಹೇಳುತ್ತದೆ. ಮನೆತನದ ಹೆಸರು ಎಲ್ಲರಿಗೂ ಕಡ್ಡಾಯವಾದದ್ದು ನೆಪೋಲಿಯನ್ ಆಳ್ವಿಕೆಯ 1811ರಲ್ಲಿ. ಅದಕ್ಕೂ ಹಿಂದಿನವರನ್ನು ‘ಲಾಸ್ಟ್ ನೇಮ್’ ಎಂಬ ಖಾನೆಗೆ ತುರುಕುವುದೆಂದರೆ ಕೆ.ಎಸ್., ಎಚ್.ಡಿ. ಎಂಬ ಇನಿಶಿಯಲ್ಲುಗಳನ್ನು ಹೊತ್ತ ಕನ್ನಡಿಗ ಪಾಸ್‌ಪೋರ್ಟ್ ಅರ್ಜಿಯ ಮುಂದೆ ಪಡುವ ಪಾಡೇ ಸರಿ.

ಒಬ್ಬನಿಗೇ ಎರಡು ಹೆಸರಿರುವುದೂ ಉಂಟು. 1544ರಲ್ಲಿ ಆಮ್‌ಸ್ಟರ್‌ಡಾಮ್ ನಗರವನ್ನು ಹಕ್ಕಿಯ ಕಣ್ಣಿನಿಂದ ಕಂಡಂತೆ ಹನ್ನೆರಡು ಮರದ ಅಚ್ಚುಗಳಲ್ಲಿ ಕೊರೆದವನನ್ನು ಕೆಲವು ಪಟ್ಟಿಗಳು ಕೊರ್ನೆಲಿಸ್ ಅಂತೋನಿಸ್‌ಜೋನ್ ಅನ್ನುತ್ತವೆ, ಕೆಲವು ಕೊರ್ನೆಲಿಸ್ ತ್ಯೂನಿಸೆನ್ ಅನ್ನುತ್ತವೆ. ತ್ಯೂನಿಸ್ ಎಂಬುದು ಅಂತೋನಿಯ ಆಡುರೂಪ, ತಂದೆ ಒಬ್ಬನೇ. ಈ ಪುಣ್ಯಾತ್ಮ ತನ್ನ ಅಕ್ಷರಗಳ ಜೊತೆಗೆ ಒಂದು ಪುಟ್ಟ ಗಂಟೆಯನ್ನು ಬಿಡಿಸುತ್ತಿದ್ದ. ಗಂಟೆ ಸಂತ ಅಂತೋನಿಯ ಗುರುತು. ಎರಡು ಅಕ್ಷರ ಮಾಡಲಾಗದ ಕೆಲಸವನ್ನು ಆ ಗಂಟೆ ಮಾಡುತ್ತದೆ.

ಹೆಸರಿನ ಪಕ್ಕದ ಪದ

ತಾಮ್ರದ ಅಚ್ಚುಚಿತ್ರದ ಕೆಳಂಚಿನಲ್ಲಿ ಹೆಸರಿಗಿಂತ ಮುಖ್ಯವಾದದ್ದು ಹೆಸರಿನ ಬೆನ್ನಿಗಿರುವ ಲ್ಯಾಟಿನ್ ಪದ. ‘ಪಿಂಕ್ಸಿಟ್’ ಅಂದರೆ ಬಣ್ಣದ ಚಿತ್ರ ಬರೆದ. ‘ಇನ್ವೆನಿಟ್’ ಅಂದರೆ ಕಲ್ಪನೆ ಅವನದು. ‘ಡೆಲಿನಿಯಾವಿಟ್’ ಅಂದರೆ ತಗಡಿಗಾಗಿ ರೇಖಾಚಿತ್ರ ತೆಗೆದುಕೊಟ್ಟ. ‘ಸ್ಕಲ್ಪ್‌ಸಿಟ್’ ಅಥವಾ ‘ಇನ್ಸಿಡಿಟ್’ ಅಂದರೆ ಕೊರೆದ. ‘ಎಕ್ಸ್‌ಕುಡಿಟ್’ ಅಂದರೆ ಹಣ ಹೂಡಿ ಪ್ರಕಟಿಸಿದ. ಅವನು ಉಳಿ ಮುಟ್ಟಿರಬೇಕೆಂದೇನೂ ಇಲ್ಲ. ‘ಫೇಸಿಟ್’ ಅಂದರೆ ಮಾಡಿದ. ಇದು ಎಲ್ಲಕ್ಕಿಂತ ಜಾರು ಪದ. ಎಚಿಂಗ್‌ನಲ್ಲಿ, ಅಂದರೆ ಗೆರೆಯನ್ನು ಆಸಿಡ್‌ನಿಂದ ಕಚ್ಚಿಸುವ ಬಗೆಯಲ್ಲಿ, ಕಲ್ಪನೆ, ರೇಖೆ, ಕೊರೆತ ಎಲ್ಲ ಒಬ್ಬನದೇ ಎಂದು ಸಾಮಾನ್ಯವಾಗಿ ಅರ್ಥ. ಉಳಿಯ ಕೆಲಸದಲ್ಲಿ ಬರೀ ಕೊರೆದವನೂ ಹಾಗೆ ಬರೆದುಕೊಳ್ಳುತ್ತಾನೆ.

ಈಗ ‘ಸಿ.ಸಿ. ಪಿಕ್ಟರ್ ಇನ್ವೆ.’ ಎಂಬುದನ್ನು ಇನ್ನೊಮ್ಮೆ ಓದಿ. ಚಿತ್ರಕಾರ ಸಿ.ಸಿ. ಕಲ್ಪಿಸಿದ್ದು. ಸಿ.ಸಿ. ತಗಡು ಮುಟ್ಟಿಲ್ಲ. ಇದೊಂದು ಪದದಿಂದಲೇ ಕೊರ್ಟ್, ಬಾಸ್, ವಿಸ್ಸರ್, ಗಾಲ್ಲೆಗಳೆಲ್ಲ ಬಾಗಿಲಾಚೆ ಹೋದರು. ಉಳಿದವರು ಕೊರ್ನೆಲಿಸ್ ಎಂಬ ಬಣ್ಣದ ಚಿತ್ರಕಾರರು, ಅದರಲ್ಲೂ ತಂದೆಯ ಹೆಸರೂ ಸಿ ಅಕ್ಷರದಿಂದ ಶುರುವಾಗುವವರು, ಅದರಲ್ಲೂ 1588ರಲ್ಲಿ ಗೋಲ್ಟ್ಸಿಯಸ್‌ನ ಒಡನಾಟದಲ್ಲಿದ್ದವರು.

ಪದ ಓದದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ವಿಸ್ಸರ್‌ಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಕ್ಲಾಸ್ ಯಾನ್ಸ್‌ಜೋನ್ ವಿಸ್ಸರ್ (1587–1652) ಆಮ್‌ಸ್ಟರ್‌ಡಾಮಿನ ದೊಡ್ಡ ಪ್ರಕಾಶಕ, ಸ್ವತಃ ಎಚಿಂಗ್ ಮಾಡುತ್ತಿದ್ದವನು. ಕೊರ್ನೆಲಿಸ್ ವಿಸ್ಸರ್ 1658ರಲ್ಲಿ ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ ಅದ್ಭುತ ಕೊರೆತಗಾರ. ಇಬ್ಬರಿಗೂ ನಂಟಿಲ್ಲ. ಆದರೆ ಇಬ್ಬರೂ ‘ಸಿ. ವಿಸ್ಸರ್’. ‘ಸಿ.ಐ. ವಿಸ್ಸರ್ ಎಕ್ಸ್‌ಕುಡಿಟ್’ ಎಂದಿದ್ದರೆ ಅಂಗಡಿಯವನು. ಐ ಅಂದರೆ ಯಾನ್‌ನ ಮಗ. ‘ಕೊರ್ನ್. ವಿಸ್ಸರ್’ ಎಂದು ನಾಲ್ಕಕ್ಷರ ಬಿಡಿಸಿ ಬರೆದಿದ್ದರೆ ಕೊರೆತಗಾರ. ಇದಕ್ಕೂ ಮೇಲೊಂದು ತಮಾಷೆಯಿದೆ. ಕ್ಲಾಸ್ ಎಂಬುದು ನಿಕೊಲಾಸ್‌ನ ಮೊಟಕು ರೂಪ, ವಿಸ್ಸರ್ ಅಂದರೆ ಮೀನುಗಾರ, ಲ್ಯಾಟಿನ್ನಿನಲ್ಲಿ ‘ಪಿಸ್ಕಾಟರ್’. ಹಾಗಾಗಿ ‘ಎನ್.ಐ. ಪಿಸ್ಕಾಟರ್’ ಎಂದು ಕಂಡರೂ ಅದೇ ಸಿ.ಐ. ವಿಸ್ಸರ್! ಸಿ ಎಂಬ ಅಕ್ಷರವನ್ನು ಕಂಡಕೂಡಲೇ ಕೊರ್ನೆಲಿಸ್ ಅಂದುಬಿಡುವುದು ಈ ವಿದ್ಯೆಯಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು. ಕ್ಲಾಸ್ ಇರಬಹುದು, ಕ್ರಿಸ್ಪೈನ್ ಇರಬಹುದು. ಕ್ರಿಸ್ಪೈನ್ ಡೆ ಪಾಸ್ ಅಂದರೆ ಕೊರ್ನೆಲಿಸ್ ಬ್ಲೂಮಾರ್ಟ್‌ಗೆ ಉಳಿ ಹಿಡಿಯುವುದನ್ನು ಕಲಿಸಿದ ಗುರು.

ಅಪರೂಪಕ್ಕೊಮ್ಮೆ ಸಹಿಯೇ ಪೂರ್ತಿ ವಿಳಾಸ ಕೊಡುತ್ತದೆ. 1611ರ ಇಂಗ್ಲಿಷ್ ಬೈಬಲಿನ ಮುಖಪುಟ ಕೊರೆದ ಆಂಟ್ವರ್ಪಿನ ಕೊರ್ನೆಲಿಸ್ ಬೂಲ್, ಕೆಳಗೆ ‘ಸಿ. ಬೂಲ್ ಫೇಸಿಟ್ ಇನ್ ರಿಚ್‌ಮಂಟ್’ ಎಂದು ಬರೆದ. ಎಲ್ಲಿ ಕೂತು ಮಾಡಿದ ಎಂಬುದೂ ಸಿಕ್ಕಿತು. ಎಲ್ಲರೂ ಇಷ್ಟು ಉದಾರಿಗಳಾಗಿರಲಿಲ್ಲ.

ಟಿಶಿಯನ್ ಮನೆಯ ಅತಿಥಿ

ಪದವೂ ಕೈಕೊಟ್ಟಾಗ ಉಳಿಯುವುದು ಕೈ. ಕೈ ಎಂದಾಗ ಈ ಹೆಸರಿನವರಲ್ಲಿ ಮೊದಲು ನಿಲ್ಲಬೇಕಾದವನು ಕೊರ್ನೆಲಿಸ್ ಕೊರ್ಟ್. ಉತ್ತರ ಹಾಲೆಂಡಿನಲ್ಲಿ 1533ರ ಸುಮಾರಿಗೆ ಹುಟ್ಟಿ, ಆಂಟ್ವರ್ಪಿನಲ್ಲಿ ಹಿಯರೋನಿಮಸ್ ಕಾಕ್‌ನ ಪ್ರಕಾಶನದ ಕೆಲಸ ಮಾಡಿ, 1565ರಲ್ಲಿ ವೆನಿಸ್ಸಿಗೆ ಹೋದ. ಅಲ್ಲಿ ಮುದಿ ಟಿಶಿಯನ್ ಅವನನ್ನು ಮನೆಯಲ್ಲೇ ಇರಿಸಿಕೊಂಡ. ಯುರೋಪಿನ ರಾಜರುಗಳು ಸಾಲುಗಟ್ಟಿ ಕಾಯುತ್ತಿದ್ದ ಚಿತ್ರಕಾರ, ತನ್ನ ಬಣ್ಣಗಳನ್ನು ಕಪ್ಪು ಗೆರೆಗೆ ಇಳಿಸಲು ಉತ್ತರದಿಂದ ಬಂದ ಒಬ್ಬ ಕಸುಬುದಾರನನ್ನು ಮನೆಗೆ ಕರೆದುಕೊಂಡದ್ದು ಸಣ್ಣ ಮಾತಲ್ಲ. ಬಣ್ಣದ ಚಿತ್ರ ಸ್ಪೇನಿನ ಅರಮನೆ ಸೇರಿದರೆ ನೋಡುವವರು ನೂರು ಜನ. ತಗಡಿಗೆ ಇಳಿದರೆ ನೂರು ಊರು. 1567ರಲ್ಲಿ ಟಿಶಿಯನ್ ಈ ಅಚ್ಚುಗಳನ್ನು ಬೇರೆಯವರು ನಕಲು ಮಾಡದಂತೆ ವೆನಿಸ್ ಸೆನೆಟ್ಟಿನಿಂದ ಹಕ್ಕುಪತ್ರವನ್ನೂ ಪಡೆದ. ಅದೇ ವರ್ಷ ಲೀಜ್ ಊರಿನಿಂದ ಲ್ಯಾಂಪ್ಸೋನಿಯಸ್ ಎಂಬ ವಿದ್ವಾಂಸ ಟಿಶಿಯನ್‌ಗೆ ಕಾಗದ ಬರೆದು ಕೊರ್ಟ್‌ನ ಕೈಯನ್ನು ಹೊಗಳಿದ್ದಾನೆ.

ಆ ಕೈಯಲ್ಲಿ ಏನಿತ್ತು ಎಂಬುದು ತಿಳಿಯಲು ಕೆಲಸದ ಬಗೆ ತಿಳಿಯಬೇಕು. ಒಂದೂವರೆ ಎರಡು ಮಿಲಿಮೀಟರ್ ದಪ್ಪದ ತಾಮ್ರದ ತಗಡು. ಬಡಿದು ಗಟ್ಟಿ ಮಾಡಿ, ಕಲ್ಲು, ಇದ್ದಿಲು ತಿಕ್ಕಿ ಕನ್ನಡಿಯಂತೆ ಹೊಳಪು ತಂದಿರುತ್ತಾರೆ. ಬಡಿಯದ ತಾಮ್ರ ಮೆತ್ತಗಿದ್ದು ಉಳಿಗೆ ಅಂಟಿಕೊಳ್ಳುತ್ತದೆ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ತಗಡು ಕೂರುತ್ತದೆ. ಉಪಕರಣದ ಹೆಸರು ಬ್ಯುರಿನ್: ಚೌಕ ಅಥವಾ ವಜ್ರಾಕಾರದ ಅಡ್ಡಕೊಯ್ತವಿರುವ ಉಕ್ಕಿನ ಕಡ್ಡಿ, ತುದಿ ಸುಮಾರು 45 ಡಿಗ್ರಿಗೆ ಓರೆಯಾಗಿ ಮಸೆದದ್ದು, ಹಿಂದೆ ಅಂಗೈಗೆ ಕೂರುವ ಅಣಬೆಯಾಕಾರದ ಮರದ ಹಿಡಿ. ಚಾಣಕ್ಕೆ ಸುತ್ತಿಗೆ ಬೇಕು, ಇದಕ್ಕೆ ಬೇಡ. ಅಂಗೈಯಿಂದ ನೂಕುವುದು, ಅದೂ ತಗಡಿಗೆ ಹೆಚ್ಚುಕಡಿಮೆ ಮಲಗಿದಂತೆ. ಬಾಗಿದ ಗೆರೆ ಬೇಕಾದಾಗ ತಿರುಗುವುದು ಕೈಯಲ್ಲ, ಇನ್ನೊಂದು ಕೈಯಲ್ಲಿ ಹಿಡಿದ ತಗಡು. ಉಳಿಯ ಮುಂದೆ ತಾಮ್ರದ ಸಣ್ಣ ಸುರುಳಿ ಏಳುತ್ತದೆ, ಗೆರೆಯ ಎರಡು ಅಂಚಿನಲ್ಲಿ ಏಣು ನಿಲ್ಲುತ್ತದೆ. ಆ ಏಣನ್ನು ಮೂರಲಗಿನ ಕೆರೆಯುವ ಅಲಗಿನಿಂದ ತೆಗೆಯಬೇಕು. ಬಿಟ್ಟರೆ ಶಾಯಿ ಹಿಡಿದು ಅಚ್ಚಿನಲ್ಲಿ ಗೆರೆ ಮಸಿಯಾಗುತ್ತದೆ.

ಕೊರ್ಟ್‌ಗಿಂತ ಹಿಂದಿನವರ ಗೆರೆ ಬಹುಮಟ್ಟಿಗೆ ಸಮದಪ್ಪ. ಕತ್ತಲು ಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಎಳೆಯುತ್ತಿದ್ದರು. ಇವನು ಗೆರೆಯನ್ನೇ ಉಬ್ಬಿಸಿದ. ಉಳಿ ತೆಳುವಾಗಿ ಒಳಗಿಳಿಯುತ್ತದೆ, ನೆರಳಿನ ಜಾಗ ಬಂದಂತೆ ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದರೆ ತುದಿ ಆಳಕ್ಕೆ ಹೋಗಿ ಗೆರೆ ಅಗಲವಾಗುತ್ತದೆ, ಬೆಳಕಿನ ಕಡೆಗೆ ಮತ್ತೆ ಇಳಿಸಿದರೆ ಸೂಜಿಮೊನೆಯಾಗಿ ಮುಗಿಯುತ್ತದೆ. ಬೆನ್ನು, ತೊಡೆ, ಮೋಡ ಯಾವುದೇ ಇರಲಿ, ಅದರ ಉಬ್ಬುತಗ್ಗನ್ನು ಒಂದೇ ಉಸಿರಿನ ಗೆರೆ ಹೇಳಿಬಿಡುತ್ತದೆ. ಇದರಿಂದ ಗೆರೆಗಳ ನಡುವೆ ಜಾಗ ಬಿಡಲು ಸಾಧ್ಯವಾಯಿತು, ದೊಡ್ಡ ತಗಡುಗಳಲ್ಲಿ ಬೇಗ ಕೆಲಸ ಮಾಡಲು ಸಾಧ್ಯವಾಯಿತು. ಕಷ್ಟವೂ ಅಲ್ಲೇ ಇದೆ. ಎತ್ತುವಲ್ಲಿ ತುಸು ಹೆಚ್ಚಾದರೆ ಮೊನೆ ತಾಮ್ರಕ್ಕೆ ಕಚ್ಚಿಕೊಂಡು ಮುರಿಯುತ್ತದೆ. ತುಸು ಕಡಿಮೆಯಾದರೆ ಜಾರಿ ಹೊಳಪಿನ ಮೇಲೆ ಬೇಡದ ಗೀರು ಬೀಳುತ್ತದೆ. ತಪ್ಪಿದ ಗೆರೆಯನ್ನು ಅಳಿಸುವ ಕ್ರಮವಿದೆ: ಕೆರೆದು, ನುಣುಪು ಉಕ್ಕಿನಿಂದ ಉಜ್ಜಿ, ಉಂಟಾದ ಗುಂಡಿಯನ್ನು ತಗಡಿನ ಹಿಂಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮಟ್ಟಕ್ಕೆ ತರುವುದು. ಹಳೆಯ ತಗಡಿನ ಬೆನ್ನು ನೋಡಿದರೆ ಕೊರೆತಗಾರ ಎಲ್ಲೆಲ್ಲಿ ಎಡವಿದ ಎಂಬ ಪಟ್ಟಿಯೇ ಸಿಗುತ್ತದೆ.

ಕೊರ್ಟ್ 1578ರಲ್ಲಿ ರೋಮ್‌ನಲ್ಲಿ ತೀರಿಕೊಂಡ. ಅದೇ ವರ್ಷದ ಅವನ ಒಂದು ಅಚ್ಚಿನಲ್ಲಿ ಚಿತ್ರಕಲೆ, ಶಿಲ್ಪ, ಅಂಗರಚನೆ ಎಲ್ಲ ಕಲಿಯುವ ಒಂದು ದೊಡ್ಡ ಶಾಲೆಯಿದೆ. ಆ ಗದ್ದಲದ ನಡುವೆ ತಾಮ್ರದ ಮೇಲೆ ಬಾಗಿ ಕೂತ ಒಬ್ಬ ಕೊರೆತಗಾರನಿಗೂ ಜಾಗ ಸಿಕ್ಕಿದೆ. ಕೊರ್ಟ್‌ನ ಗೆರೆಯನ್ನು ಹತ್ತು ವರ್ಷಗಳ ನಂತರ ಹಾರ್ಲೆಮ್‌ನಲ್ಲಿ ಅತಿರೇಕಕ್ಕೆ ಒಯ್ದವನು ಗೋಲ್ಟ್ಸಿಯಸ್. ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅವನ ಬಲಗೈ ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಮುದುಡಿದ ಆ ಕೈ ಬ್ಯುರಿನ್ ಹಿಡಿಗೆ ಅಳತೆ ತೆಗೆದಂತಿತ್ತು. ಬೀಳುವ ಇಕಾರಸ್‌ನ ತೊಡೆಯ ಮೇಲೆ ಗೆರೆಗಳು ಉಬ್ಬಿ, ಒಂದನ್ನೊಂದು ಓರೆಯಾಗಿ ದಾಟಿ, ವಜ್ರದ ಚೌಕಗಳಾಗುತ್ತವೆ. ಕೆಲವು ಕಡೆ ಚೌಕದ ನಡುವೆ ಒಂದು ಚುಕ್ಕಿ. ಸ್ವಲ್ಪ ದೂರದಿಂದ ಮಾಂಸ, ಹತ್ತಿರದಿಂದ ಬಲೆ. ದಾಟುವ ಕೋನ ತಪ್ಪಿದರೆ ರೇಷ್ಮೆ ಬಟ್ಟೆಯ ನೀರಲೆಯಂಥ ಬೇಡದ ವಿನ್ಯಾಸ ಎದ್ದು ಕಣ್ಣಿಗೆ ಹೊಡೆಯುತ್ತದೆ; ಗೋಲ್ಟ್ಸಿಯಸ್‌ನನ್ನು ಅನುಕರಿಸಲು ಹೋದವರ ತಗಡುಗಳಲ್ಲಿ ಹುಡುಕಬೇಕಾದ ದೋಷ ಇದು. ಅಂದರೆ ಆ ನಾಲ್ಕು ವೃತ್ತಗಳ ಹಿಂದೆ ಇಬ್ಬರು ಕೊರ್ನೆಲಿಸ್‌ಗಳಿದ್ದಾರೆ: ಕಲ್ಪನೆ ಕೊಟ್ಟು ಸಹಿಯಲ್ಲಿ ಉಳಿದವನೊಬ್ಬ, ಗೆರೆ ಕೊಟ್ಟು ಸಹಿಯಲ್ಲಿ ಇಲ್ಲದವನೊಬ್ಬ.

ಭೂತಗನ್ನಡಿ ಹಿಡಿದು

ಹತ್ತುಪಟ್ಟು ದೊಡ್ಡದು ಮಾಡುವ ಒಂದು ಭೂತಗನ್ನಡಿ ಸಾಕು. ಮೊದಲು ಗೆರೆಯ ಕೊನೆ ನೋಡಬೇಕು. ಮೊನಚಾಗಿ ಮುಗಿದರೆ ಉಳಿಯ ಕೆಲಸ. ಮೊಂಡಾಗಿ, ದುಂಡಗೆ ಮುಗಿದರೆ ಎಚಿಂಗ್: ತಗಡಿಗೆ ಮೇಣದ ಪದರ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿಟ್ಟು ಕಚ್ಚಿಸಿದ್ದು. ಆಸಿಡ್‌ಗೆ ಎತ್ತುವುದು ಇಳಿಸುವುದು ಗೊತ್ತಿಲ್ಲ. ಗೆರೆಯುದ್ದಕ್ಕೂ ಸಮನಾಗಿ ತಿನ್ನುತ್ತದೆ, ಅಂಚು ತುಸು ನಡುಗಿರುತ್ತದೆ. ಬೇಗಾನ ಸುಮಾರು ಮೂವತ್ತನಾಲ್ಕು ಎಚಿಂಗ್‌ಗಳು ಹೀಗಿವೆ, ಕೈಬರಹದಂಥ ಸಡಿಲ ಗೆರೆ. ಇಡೀ ತಗಡನ್ನು ಒಂದೇ ಸಲ ಕಚ್ಚಿಸಿದರೆ ಹತ್ತಿರದ್ದೂ ದೂರದ್ದೂ ಒಂದೇ ಕಪ್ಪಾಗುತ್ತದೆ. ದೂರದ ಭಾಗಕ್ಕೆ ನಡುವೆ ಅರಗು ಬಳಿದು ಮುಚ್ಚಿ, ಉಳಿದದ್ದನ್ನು ಮತ್ತೆ ಆಸಿಡ್‌ಗೆ ಇಳಿಸಬೇಕು. ಮೇಣದ ಪದರ ಬಿರುಕು ಬಿಟ್ಟರೆ ಬೇಡದ ಕಡೆಯೆಲ್ಲ ಚುಕ್ಕಿ ಏಳುತ್ತದೆ.

ವಿಸ್ಸರ್ ಈ ಎರಡನ್ನೂ ಒಂದೇ ತಗಡಿನಲ್ಲಿ ಬೆರೆಸಿದ. ಅವನ ‘ದೊಡ್ಡ ಬೆಕ್ಕು’ ನೋಡಿ: ಮುಂದೆ ಕಣ್ಣು ಮುಚ್ಚಿ ಕೂತ ತುಂಬಿದ ಮೈಯ ಬೆಕ್ಕು, ಹಿಂದಿನಿಂದ ಒಂದು ಇಲಿ ಮೆಲ್ಲಗೆ ಇಣುಕುತ್ತದೆ. ರೋಮದ ಮೆತ್ತನೆಗೆ ಒಂದು ಬಗೆ, ನೆರಳಿನ ಗಟ್ಟಿತನಕ್ಕೆ ಇನ್ನೊಂದು ಬಗೆ. 1655ರ ‘ಇಲಿ ಹಿಡಿಯುವವನು’ ಕೂಡ ಹೀಗೆಯೇ. ಬ್ಲೂಮಾರ್ಟ್ ಇದಕ್ಕೆ ತದ್ವಿರುದ್ಧ: ಗೆರೆಗೆರೆಯ ನಡುವಿನ ಅಂತರವನ್ನು ಎಷ್ಟು ಹದವಾಗಿ ಬದಲಿಸುತ್ತಾನೆಂದರೆ ಬಿಳಿಯಿಂದ ಕಪ್ಪಿಗೆ ಹೋಗುವಾಗ ಮೆಟ್ಟಿಲೇ ಕಾಣದು. ಸ್ವಲ್ಪ ತಣ್ಣಗಿನ ಕೈ ಎಂದು ನನಗನ್ನಿಸುತ್ತದೆ. ಆದರೆ ಕನ್ನಡಕ ಹಾಕಿಕೊಂಡ ಅವನ ಗೂಬೆಯನ್ನು ಕಂಡಾಗ ಈ ದೂರು ಮರೆತುಹೋಗುತ್ತದೆ. ನೋಡಲೊಲ್ಲದ ಗೂಬೆಗೆ ದೀಪವೇನು ಮಾಡೀತು, ಕನ್ನಡಕವೇನು ಮಾಡೀತು ಎಂಬ ಡಚ್ ಗಾದೆಯ ಚಿತ್ರ ಅದು. ಶತಮಾನದ ಕೊನೆಗೆ ಬಂದ ದುಸಾರ್ಟ್ (1660–1704) ಎಚಿಂಗ್ ಜೊತೆಗೆ ಮೆಜ್ಜೋಟಿಂಟನ್ನೂ ಮಾಡಿದ. ಅದರಲ್ಲಿ ಗೆರೆಯೇ ಇಲ್ಲ: ಹಲ್ಲಿರುವ ಅಲಗಿನಿಂದ ತಗಡನ್ನೆಲ್ಲ ಒರಟು ಮಾಡಿ, ಬೆಳಕು ಬೇಕಾದಲ್ಲಿ ಉಜ್ಜಿ ನಯ ಮಾಡುವುದು. ಹೀಗಾಗಿ ಯಾವುದಾದರೂ ಮೆಜ್ಜೋಟಿಂಟ್ ಹಾಳೆಯಲ್ಲಿ ‘ಕೊರ್ನೆಲಿಸ್’ ಕಂಡರೆ 1642ಕ್ಕಿಂತ ಹಿಂದಿನ ಕೊರ್ನೆಲಿಸ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಆ ವಿಧಾನ ಹುಟ್ಟಿದ್ದೇ ಆಗ.

ಕಾಗದದ ಸುತ್ತ ತಗಡು ಒತ್ತಿದ ಗುಣಿ ಅಂಚನ್ನು ಅಳೆಯುವ ಅಭ್ಯಾಸ ಒಳ್ಳೆಯದು. ಆದರೆ ಎರಡು ಪ್ರತಿಗಳ ನಡುವೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಕಂಡೊಡನೆ ಬೇರೆ ತಗಡು, ನಕಲು ಎಂದು ತೀರ್ಮಾನಿಸಬಾರದು. ಅಚ್ಚು ಹಾಕುವಾಗ ಕಾಗದ ಒದ್ದೆಯಾಗಿರುತ್ತದೆ, ಒಣಗಿದಾಗ ಕುಗ್ಗುತ್ತದೆ, ಕುಗ್ಗುವುದು ಕಾಗದಕ್ಕೊಂದು ಬಗೆ. ನಕಲಿನ ಗಟ್ಟಿ ಸುಳಿವು ಎಡಬಲ. ಅಚ್ಚನ್ನು ನೋಡಿ ಹಾಗೆಯೇ ತಗಡಿಗೆ ಕೊರೆದರೆ ಹೊಸ ಅಚ್ಚು ಕನ್ನಡಿಬಿಂಬವಾಗಿ ಬರುತ್ತದೆ. ಕತ್ತಿ ಎಡಗೈಗೆ ಹೋಗಿದೆಯೇ, ಅಂಗಿಯ ಗುಂಡಿಗಳು ಪಕ್ಕ ಬದಲಿಸಿವೆಯೇ ಎಂದು ನೋಡಬೇಕು. ಬಣ್ಣದ ಚಿತ್ರದಿಂದ ಮಾಡಿದ ಮೂಲ ಅಚ್ಚೂ ಬಹಳ ಸಲ ಹೀಗೆ ತಿರುಗಿರುತ್ತದೆ, ಅದನ್ನು ಮರೆಯಬಾರದು. ಇನ್ನೊಂದು ಎಚ್ಚರ: ತಗಡು ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. ಕೊಂಡವನು ಹಿಂದಿನ ಪ್ರಕಾಶಕನ ಹೆಸರನ್ನು ಕೆರೆದು ತನ್ನದನ್ನು ಕೊರೆಸುತ್ತಿದ್ದ. ಉಳಿಯ ತಗಡು ಮೊದಲ ಕೆಲವು ನೂರು ಪ್ರತಿಗಳಲ್ಲಿ ಗಾಢವಾಗಿ ಬಂದು, ಆಮೇಲೆ ತೆಳುಗೆರೆಗಳನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಸವೆದ ಗೆರೆಯನ್ನು ಮತ್ತೊಬ್ಬ ಮತ್ತೆ ಕೊರೆದು ದಪ್ಪ ಮಾಡುತ್ತಾನೆ. ಆಗ ಹಾಳೆಯ ಮೇಲೆ ಕಾಣುವುದು ಸಹಿ ಹಾಕಿದ ಕೊರ್ನೆಲಿಸ್‌ನ ಕೈಯಲ್ಲ, ಐವತ್ತು ವರ್ಷ ಆಮೇಲಿನ ಯಾರೋ ಕೂಲಿಯವನ ಕೈ. ಆಮ್‌ಸ್ಟರ್‌ಡಾಮಿನ ವಾನ್ ಡಾಲೆನ್ ತಂದೆ ಮಗ ಇಬ್ಬರೂ ಕೊರ್ನೆಲಿಸ್, ಇಬ್ಬರೂ ಕೊರೆತಗಾರರು, ಸತ್ತದ್ದೂ ಒಂದು ವರ್ಷದ ಆಚೀಚೆ. ಅವರನ್ನು ಬೇರ್ಪಡಿಸುವಾಗ ಸವೆದ ಪ್ರತಿ ಇಟ್ಟುಕೊಂಡು ಕೂತರೆ ದಿನವಿಡೀ ಕಳೆದರೂ ಫಲವಿಲ್ಲ. ಮೊದಲ ಅಚ್ಚುಗಳ ಗಾಢ ಪ್ರತಿಯೇ ಬೇಕು.

(ಕೈ ನೋಡಿ ಗುರುತಿಸುವ ಈ ನಿಯಮಕ್ಕೆ ಸಡ್ಡು ಹೊಡೆದವನೂ ಒಬ್ಬ ಕೊರ್ನೆಲಿಸ್‌ನೇ. ಗೌಡಾ ಊರಿನ ಕೇಟಲ್, 1577ರಲ್ಲಿ ಇಂಗ್ಲೆಂಡಿನಲ್ಲಿ ನಾವಿಕ ಫ್ರೋಬಿಷರ್‌ನ ಆಳೆತ್ತರದ ಭಾವಚಿತ್ರ ಬರೆದವನು, 1599ರ ಹೊತ್ತಿಗೆ ಕುಂಚ ಬಿಟ್ಟು ಬೆರಳಲ್ಲಿ, ಆಮೇಲೆ ಕಾಲಿನಲ್ಲಿ ಬರೆಯತೊಡಗಿದ. ಈ ಮಾತು 1604ರಲ್ಲಿ ಚಿತ್ರಕಾರರ ಚರಿತ್ರೆ ಪ್ರಕಟಿಸಿದ ಕಾರೆಲ್ ವಾನ್ ಮಾಂಡರ್‌ನದು.)

ಬಿಜಾಪುರದ ಕೊರ್ನೆಲಿಸ್

ಇಷ್ಟರವರೆಗೆ ಹೇಳಿದ್ದೆಲ್ಲ ಹಾಳೆ ಕೈಯಲ್ಲಿದ್ದು ಹೆಸರು ಗೊತ್ತಾಗದವರ ಕತೆ. ಹೆಸರಿದ್ದು ಹಾಳೆಯೇ ಇಲ್ಲದ ಕೊರ್ನೆಲಿಸ್ ಒಬ್ಬನಿದ್ದಾನೆ. ಅವನು ನಮ್ಮ ನಾಡಿಗೆ ಬಂದ.

ಕೊರ್ನೆಲಿ‌ಸ್ ಕ್ಲಾಸ್‌ಜೋನ್ ಹೇಡಾ. ಅವನ ಸಹಿಯನ್ನು ಮೊಟಕು ಮಾಡಿದರೆ ಅವನೂ ಸಿ.ಸಿ.ಯೇ, ಕ್ಲಾಸ್‌ನ ಮಗ ಕೊರ್ನೆಲಿಸ್. ಅವನೂ ಹಾರ್ಲೆಮ್‌ನವನೇ. ಬೆಳ್ಳಿಲೋಟ, ನಿಂಬೆಸಿಪ್ಪೆ, ಒಡೆದ ಗಾಜುಗಳ ಸ್ತಬ್ಧಚಿತ್ರಗಳಿಗೆ ಹೆಸರಾದ ವಿಲೆಮ್ ಹೇಡಾ ಇವನ ಸಂಬಂಧಿ. ಈ ಕೊರ್ನೆಲಿಸ್ ಪ್ರಾಗ್‌ನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫ್‌ನ ಆಸ್ಥಾನಕ್ಕೆ ಕೆಲಸ ಮಾಡಿ, ಅಲ್ಲಿಂದ ಪರ್ಷಿಯಾದ ಷಾ ಅಬ್ಬಾಸನ ಕಡೆಗೆ ಹೊರಟು, ದಾರಿಯಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕಿಬಿದ್ದು, ಗೋವಾ ದಾಟಿ, 1610ರ ಸುಮಾರಿಗೆ ಬಿಜಾಪುರ ಸೇರಿದ. ಅಲ್ಲಿದ್ದವನು ಎರಡನೆಯ ಇಬ್ರಾಹಿಂ ಆದಿಲ್‌ಷಾಹ: ಸ್ವತಃ ಹಾಡು ಕಟ್ಟುತ್ತಿದ್ದ, ತಂಬೂರಿಗೂ ಆನೆಗೂ ಹೆಸರಿಟ್ಟು ಮುದ್ದಿಸುತ್ತಿದ್ದ, ಸರಸ್ವತಿಯನ್ನು ನೆನೆದೇ ತನ್ನ ಹಾಡುಗಳಿಗೆ ಕೈಹಚ್ಚುತ್ತಿದ್ದ ಸುಲ್ತಾನ. ಉತ್ತರದ ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ದೊರೆ ಸಿಗುತ್ತಿರಲಿಲ್ಲ.

ಅವನು ಡಚ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬರೆದ ಪತ್ರಗಳು ಉಳಿದಿವೆ. ಸುಲ್ತಾನನಿಗಾಗಿ ಪ್ರೇಮದ ದೇವತೆ ವೀನಸ್, ಹೆಂಡದ ದೇವರು ಬಾಕಸ್, ಧಾನ್ಯದ ದೇವತೆ ಸೆರೆಸ್ ಮೂವರೂ ಇರುವ ಚಿತ್ರವೊಂದನ್ನು ಬರೆದುಕೊಟ್ಟೆ, ಅದು ಮೆಚ್ಚುಗೆ ಪಡೆಯಿತು ಎಂದು ಅವುಗಳಿಂದ ತಿಳಿಯುತ್ತದೆ. ಅನ್ನವೂ ಹೆಂಡವೂ ಇಲ್ಲದಿದ್ದರೆ ಪ್ರೇಮ ತಣ್ಣಗಾಗುತ್ತದೆ ಎಂಬ ಹಳೆಯ ಲ್ಯಾಟಿನ್ ಮಾತಿನ ಚಿತ್ರರೂಪ ಅದು. ಹಾರ್ಲೆಮ್‌ನವರಿಗೆ ಅಚ್ಚುಮೆಚ್ಚಿನ ವಸ್ತು; ಗೋಲ್ಟ್ಸಿಯಸ್ ಅದನ್ನು ಮತ್ತೆ ಮತ್ತೆ ಬರೆದಿದ್ದಾನೆ. ಬೀಳುವ ಇಕಾರಸ್ ಹುಟ್ಟಿದ ಊರಿನ ಕಲ್ಪನೆ ಹೀಗೆ ಗೋಳಗುಮ್ಮಟ ಇನ್ನೂ ಏಳದಿದ್ದ ಊರಿಗೆ ಬಂದು ಸೇರಿತು. ಸುಮಾರು ಹತ್ತು ವರ್ಷ ಅಲ್ಲೇ ಇದ್ದು ಅಲ್ಲೇ ತೀರಿಕೊಂಡ ಹೇಡಾ ಬರೆದದ್ದೆಂದು ಗಟ್ಟಿಯಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ. ಪತ್ರಗಳು ಕಂಪನಿಯ ಕಡತಗಳ ಜೊತೆಗೆ ಹೇಗ್ ನಗರದಲ್ಲಿವೆ.